ಮದುವೆ ಉಂಗುರಕ್ಕೆ ಯಾವ ಲೋಹ ಒಳ್ಳೆಯದು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಲೋಹಗಳ ಪಾಠ ಮಾಡುವವನು. ಅದಕ್ಕೇ ಇರಬೇಕು, ನಿಶ್ಚಿತಾರ್ಥದ ದಿನ ಗೊತ್ತಾದ ಕೂಡಲೇ ಹಳೇ ವಿದ್ಯಾರ್ಥಿಗಳ ಫೋನ್ ಬಂದೇ ಬರುತ್ತದೆ. "ಸರ್, ಉಂಗುರಕ್ಕೆ ಯಾವ ಮೆಟಲ್ ತಗೊಳ್ಳಲಿ? ಆನ್‌ಲೈನ್‌ನಲ್ಲಿ ಟೈಟಾನಿಯಂ, ಟಂಗ್‌ಸ್ಟನ್ ಅಂತೆಲ್ಲ ತೋರಿಸ್ತಾರೆ. ಜೀವನಪೂರ್ತಿ ಬಾಳಿಕೆ ಬರಬೇಕು, ಕೈಗೂ ಏನೂ ಆಗಬಾರದು." ನೆಂಟರ ಮನೆಗೆ ಹೋದರೂ ಇದೇ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ 18 ಕ್ಯಾರೆಟ್ ಹಳದಿ ಚಿನ್ನದ, ಸ್ವಲ್ಪ ದಪ್ಪನೆಯ, ಕಲ್ಲಿಲ್ಲದ ಸಾದಾ ಉಂಗುರ ಸಾಕು. ಚರ್ಮಕ್ಕೆ ಲೋಹ ಆಗಿಬರದವರು ಪ್ಲಾಟಿನಂ ಅಥವಾ ಟೈಟಾನಿಯಂ ನೋಡಬಹುದು. ಮೆಷಿನ್ ಮುಂದೆ, ಬ್ಯಾಟರಿ ಪಕ್ಕ ಕೆಲಸ ಮಾಡುವವರಿಗೆ ಆ ಹೊತ್ತಿನಲ್ಲಿ ಯಾವ ಲೋಹವೂ ಬೇಡ. ಟಂಗ್‌ಸ್ಟನ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಅಲ್ಲಿಂದಲೇ ಶುರು ಮಾಡೋಣ. ಹುಡುಗರಿಗೆ ಅದರ ಮೇಲೇ ಕಣ್ಣು. ಗೀರು ಬೀಳುವುದಿಲ್ಲ, ಹೊಳಪು ಹೋಗುವುದಿಲ್ಲ, ಬೆಲೆಯೂ ಚಿನ್ನದ ಮುಂದೆ ಏನೇನೂ ಅಲ್ಲ. ಇದೆಲ್ಲ ನಿಜ. ಆದರೆ ಆ ಉಂಗುರ ಬರೀ ಟಂಗ್‌ಸ್ಟನ್ ಲೋಹ ಅಲ್ಲ, ಟಂಗ್‌ಸ್ಟನ್ ಕಾರ್ಬೈಡ್. ಅದರ ಪುಡಿಗೆ ಸ್ವಲ್ಪ ನಿಕಲ್ ಅಥವಾ ಕೋಬಾಲ್ಟ್ ಸೇರಿಸಿ, ಒತ್ತಿ, ಜೋರು ಶಾಖದಲ್ಲಿ ಗಟ್ಟಿ ಮಾಡಿದ ವಸ್ತು. ಲೇತ್ ಮೇಲೆ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ನಾವು ಉಕ್ಕು ಕೊರೆಯಲು ಹಾಕುವ ಕಾರ್ಬೈಡ್ ಟಿಪ್ ಇದೇ. ಇಡೀ ದಿನ ಉಕ್ಕನ್ನು ಕೆತ್ತುತ್ತದೆ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ.

ಗೀರು ಬೀಳದಿರುವುದು ಬೇರೆ, ಏಟು ತಾಳುವುದು ಬೇರೆ. ಒಂದೇ ಲೋಹದಲ್ಲಿ ಎರಡೂ ಜೋರಾಗಿ ಸಿಗುವುದು ಅಪರೂಪ. ಲ್ಯಾಬಿನಲ್ಲಿ ನಾವು ಗಟ್ಟಿತನ ಅಳೆಯುವ ವಿಕರ್ಸ್ ಲೆಕ್ಕದಲ್ಲಿ ಅಪ್ಪಟ ಚಿನ್ನ ಸುಮಾರು 25. 18 ಕ್ಯಾರೆಟ್ ಚಿನ್ನ ಅದರ ನಾಲ್ಕೈದು ಪಟ್ಟು. ಟಂಗ್‌ಸ್ಟನ್ ಕಾರ್ಬೈಡ್ 1000 ದಾಟಿ ಎಷ್ಟೋ ಮುಂದೆ. ಈ ಸಂಖ್ಯೆ ನೋಡಿದರೆ ಯಾರಿಗಾದರೂ ಕೊನೆಯದ್ದೇ ಬೇಕು ಅನಿಸುತ್ತದೆ. ಆದರೆ ಚಿನ್ನ ಏಟು ಬಿದ್ದರೆ ಬಾಗುತ್ತದೆ. ಬಾಗಿದ್ದನ್ನು ಅಕ್ಕಸಾಲಿಗರು ಕೋಲಿಗೆ ಹಾಕಿ ಒಂದೆರಡು ಏಟಿನಲ್ಲಿ ಗುಂಡಗೆ ಮಾಡಿಕೊಡುತ್ತಾರೆ. ಕಾರ್ಬೈಡ್ ಒಡೆದರೆ ಮುಗಿಯಿತು. ಬೆಸುಗೆ ಇಲ್ಲ, ರಿಪೇರಿ ಇಲ್ಲ, ದೊಡ್ಡದು ಚಿಕ್ಕದು ಮಾಡುವುದಂತೂ ಇಲ್ಲವೇ ಇಲ್ಲ.

ಬೆರಳು ಒಂದೇ ಅಳತೆಯಲ್ಲಿ ಇರುತ್ತದೆಯೇ? ಮದುವೆಯಾದ ಮೇಲೆ ತೂಕ ಏರುತ್ತದೆ. ಬಸುರಿಯಲ್ಲಿ ಕೈಕಾಲು ಊದಿಕೊಳ್ಳುತ್ತದೆ. ವಯಸ್ಸಾದ ಮೇಲೆ ಗೆಣ್ಣು ದಪ್ಪವಾಗುತ್ತದೆ. ಮೂವತ್ತರಲ್ಲಿ ಹಾಕಿದ್ದು ಅರವತ್ತರಲ್ಲೂ ಕೂರಬೇಕು ಅಂದರೆ ಮಧ್ಯೆ ಒಂದೆರಡು ಸಲವಾದರೂ ಅಳತೆ ಬದಲಿಸಬೇಕಾಗುತ್ತದೆ. ಹಾಗಾಗಿ ಬಾಳಿಕೆ ಅಂದಾಗ ನಾನು ಮೊದಲು ನೋಡುವುದು ರಿಪೇರಿ ಆಗುತ್ತದೆಯೇ ಅಂತ. ಚಿನ್ನ, ಬೆಳ್ಳಿಗೆ ಊರಿನ ಆಚಾರ್ರು ಸಾಕು. ಪ್ಲಾಟಿನಂ 1768 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಅದಕ್ಕೆ ಬೇರೆ ಸಲಕರಣೆ, ಬೇರೆ ಕೈ ಬೇಕು, ಆದರೂ ಆಗುತ್ತದೆ. ಟೈಟಾನಿಯಂ ಅನ್ನು ಒಳಗಿನಿಂದ ಒಂಚೂರು ಕೊರೆದು ದೊಡ್ಡದು ಮಾಡಬಹುದು, ಅಷ್ಟೇ.

ಇನ್ನು ಸುರಕ್ಷತೆ. ಇದರಲ್ಲಿ ಎಲ್ಲರೂ ಅಲರ್ಜಿ ಬಗ್ಗೆ ಕೇಳುತ್ತಾರೆ. ಉಂಗುರ ಸಿಕ್ಕಿಕೊಂಡರೆ ತೆಗೆಯೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ತೋಟದಲ್ಲಿ ಕಣಜ ಕಚ್ಚಿತು ಅಂದುಕೊಳ್ಳಿ, ಅಥವಾ ಬಾಗಿಲಿಗೆ ಬೆರಳು ಸಿಕ್ಕಿತು. ಅರ್ಧ ಗಂಟೆಯಲ್ಲಿ ಬೆರಳು ಊದುತ್ತದೆ, ಉಂಗುರ ಮಾತ್ರ ಅಷ್ಟೇ ಇರುತ್ತದೆ. ರಕ್ತದ ಓಡಾಟ ನಿಂತರೆ ಬೆರಳಿಗೇ ಕುತ್ತು. ಕೈಗೆ ಏನೇ ಏಟಾದರೂ ಮೊದಲ ಕೆಲಸ ಉಂಗುರ ತೆಗೆಯುವುದು, ಊತ ಶುರುವಾಗುವ ಮೊದಲೇ.

ಸಿಕ್ಕಿಕೊಂಡರೆ ಕೈ ಎತ್ತಿ ಹಿಡಿಯಿರಿ, ತಣ್ಣೀರಲ್ಲಿ ಇಡಿ, ಸೋಪು ಅಥವಾ ಎಣ್ಣೆ ಹಚ್ಚಿ. ಆಗಲೂ ಬರದಿದ್ದರೆ ದಾರದ ಉಪಾಯ ಇದೆ. ಉದ್ದನೆಯ ನಯವಾದ ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ. ಉಳಿದ ದಾರವನ್ನು ಉಂಗುರದ ಅಂಚಿನಿಂದಲೇ ಶುರುಮಾಡಿ, ಸಂದು ಬಿಡದೆ ಬಿಗಿಯಾಗಿ, ಗೆಣ್ಣು ದಾಟುವವರೆಗೆ ಬೆರಳಿಗೆ ಸುತ್ತಿ. ಆಮೇಲೆ ಅಂಗೈ ಕಡೆಯ ತುದಿಯನ್ನು ಉಗುರಿನ ಕಡೆಗೆ ಎಳೆಯುತ್ತ ಸುತ್ತು ಬಿಚ್ಚಿ. ಒಂದೊಂದು ಸುತ್ತು ಬಿಚ್ಚಿದಾಗಲೂ ಉಂಗುರ ಅಷ್ಟಷ್ಟೇ ಮುಂದೆ ಸರಿಯುತ್ತದೆ. ಬೆರಳು ಮುರಿದಿದ್ದರೆ, ಗಾಯ ಇದ್ದರೆ ಇದನ್ನು ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಸಣ್ಣ ಹಲ್ಲಿನ ಚಕ್ರವಿರುವ ರಿಂಗ್ ಕಟರ್ ಇಟ್ಟಿರುತ್ತಾರೆ. ಚಿನ್ನ, ಬೆಳ್ಳಿ ಅದಕ್ಕೆ ಬೇಗ ಬಗ್ಗುತ್ತವೆ. ಟೈಟಾನಿಯಂಗೆ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ವಜ್ರದ ಪುಡಿ ಇರುವ ಬ್ಲೇಡ್ ಬೇಕಾಗುತ್ತದೆ. ಕಾರ್ಬೈಡ್ ಮೇಲೆ ಆ ಕಟರ್‌ನ ಹಲ್ಲು ಓಡುವುದೇ ಇಲ್ಲ.

ಈಗ ಚಿನ್ನದ ಜಗಳ. "18 ಕ್ಯಾರೆಟ್ ಅಂದ್ರೆ ಬಂಗಾರಾನೇ ಅಲ್ಲ" ಅಂತ ಮನೆಯ ಅಜ್ಜಿಯಂದಿರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮಲ್ಲಿ ಮದುವೆಯ ಗುರುತು ಅಂದರೆ ತಾಳಿ, ಕಾಲುಂಗುರ. ಕೈಯುಂಗುರ ನಿಶ್ಚಿತಾರ್ಥಕ್ಕೆ ಹಾಕುತ್ತಿದ್ದರು. ಆಮೇಲೆ ಅದು ಬೀರುವಿನಲ್ಲಿ, ಹಬ್ಬಕ್ಕೋ ಮುಂಜಿಗೋ ಹೊರಗೆ ಬರುತ್ತಿತ್ತು. ಅಂಥದ್ದಕ್ಕೆ 22 ಕ್ಯಾರೆಟ್ ಸರಿ. ಕರಾವಳಿಯ ಕ್ರೈಸ್ತರು ಚರ್ಚಿನಲ್ಲಿ ತೊಡಿಸಿಕೊಂಡ ಉಂಗುರವನ್ನು ಮೊದಲಿನಿಂದಲೂ ದಿನಾ ಹಾಕುತ್ತಾರೆ. ಈಗ ಊರೆಲ್ಲ ಹಾಗೇ, ಗಂಡ ಹೆಂಡತಿ ಇಬ್ಬರೂ ಹಗಲು ರಾತ್ರಿ ತೆಗೆಯುವುದಿಲ್ಲ. ಬೈಕಿನ ಹ್ಯಾಂಡಲ್, ಪಾತ್ರೆ, ಕಂಪ್ಯೂಟರ್ ಮೇಜು, ಜಿಮ್ಮಿನ ಕಬ್ಬಿಣ, ಎಲ್ಲಕ್ಕೂ ಉಜ್ಜುತ್ತದೆ.

22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಭಾಗ ಚಿನ್ನ. ಅಷ್ಟು ಚಿನ್ನ ಇದ್ದರೆ ಮೆತ್ತಗೇ ಇರುತ್ತದೆ. ಎರಡು ಗ್ರಾಂನ ತೆಳು ಉಂಗುರ ಕೆಲವು ವರ್ಷಗಳಲ್ಲಿ ಮೊಟ್ಟೆಯ ಆಕಾರಕ್ಕೆ ಬರುತ್ತದೆ, ಅಂಗೈ ಕಡೆ ಸವೆದು ತಂತಿಯಾಗುತ್ತದೆ. ಕಲ್ಲು ಕೂರಿಸಿದ್ದರೆ ಹಿಡಿದ ಕೊಕ್ಕೆ ಸಡಿಲವಾಗಿ ಕಲ್ಲೇ ಉದುರಬಹುದು. ವಜ್ರದ ಒಡವೆಯನ್ನು ಸಾಮಾನ್ಯವಾಗಿ 18 ಅಥವಾ 14 ಕ್ಯಾರೆಟ್‌ನಲ್ಲಿ ಮಾಡುವುದು ಇದೇ ಕಾರಣಕ್ಕೆ. 18 ಕ್ಯಾರೆಟ್‌ನಲ್ಲಿ 75 ಭಾಗ ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಚಿನ್ನದ ಲೆಕ್ಕವೂ ಆ 75ಕ್ಕೇ ಆಗಬೇಕು. ಅಜ್ಜಿಗೆ ಇದನ್ನು ಹೇಳಿ. ಬಳೆ, ಸರ 22ರಲ್ಲೇ ಇರಲಿ, ದಿನಾ ತೊಡುವ ಉಂಗುರ ಒಂದು 18ರಲ್ಲಿ ಅಂದರೆ ಒಪ್ಪಬಹುದು.

ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. ಬಿಐಎಸ್ (ಭಾರತದ ಮಾನಕ ಸಂಸ್ಥೆ) ಗುರುತು, 18ಕೆ750 ಅಥವಾ 22ಕೆ916 ಅನ್ನುವ ಮುದ್ರೆ, ಮತ್ತು ಅಕ್ಷರ, ಅಂಕಿ ಸೇರಿ ಆರು ಇರುವ ಎಚ್‌ಯುಐಡಿ, ಅಂದರೆ ಆ ಒಂದು ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಕಡೆ ಈ ಆರರ ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಶುದ್ಧತೆ ಎಷ್ಟು ಅಂತ ಬರುತ್ತದೆ. ಒಂದು ಸಂದು ಇದೆ: ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯ ಇಲ್ಲ. ತೆಳ್ಳಗಿನ ಉಂಗುರ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ. ದಪ್ಪ ತಗೊಳ್ಳಿ ಅನ್ನಲು ನನಗೆ ಇದು ಇನ್ನೊಂದು ಕಾರಣ.

"ಕೆಡಿಎಂ ಚಿನ್ನ" ಅಂತ ಬೋರ್ಡ್ ಇದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಕ್ಯಾಡ್ಮಿಯಂ ಸೇರಿಸಿ ಬೆಸುಗೆ ಹಾಕುವ ಹಳೇ ಪದ್ಧತಿ ಅದು. ತೊಡುವವರಿಗಿಂತ ಬೆಸುಗೆ ಹಾಕುವವರಿಗೆ ಅದರ ಹೊಗೆ ವಿಷ, ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ. ನಮ್ಮ ಉಂಗುರಕ್ಕೆ ಇನ್ನೊಬ್ಬರು ಯಾಕೆ ಕೆಮ್ಮಬೇಕು?

ಅಲರ್ಜಿ ವಿಷಯಕ್ಕೆ ಬಂದರೆ, ಅಪ್ಪಟ ಚಿನ್ನ ಆಗದವರು ತೀರಾ ಕಡಿಮೆ. ತೊಂದರೆ ಕೊಡುವುದು ಹೆಚ್ಚಾಗಿ ನಿಕಲ್. ಫ್ಯಾನ್ಸಿ ಸ್ಟೋರಿನ ಓಲೆ ಹಾಕಿದರೆ ಕಿವಿ ಕೆಂಪಾಗಿ ನೀರು ಸೋರುತ್ತಿತ್ತಾ? ಹಾಗಿದ್ದರೆ ನಿಮಗೆ ನಿಕಲ್ ಆಗದಿರುವ ಸಾಧ್ಯತೆ ಜಾಸ್ತಿ. ಅಂಥವರು ಬಿಳಿ ಚಿನ್ನ ಕೊಳ್ಳುವಾಗ ಕೇಳಲೇಬೇಕು. ಚಿನ್ನವನ್ನು ಬಿಳಿ ಮಾಡಲು ನಿಕಲ್ ಅಥವಾ ಪಲ್ಲಾಡಿಯಂ ಬೆರೆಸುತ್ತಾರೆ. ಮೇಲೆ ರೋಡಿಯಂ ಲೇಪ ಇರುತ್ತದೆ, ಅದಕ್ಕೇ ಅಂಗಡಿಯಲ್ಲಿ ಅಷ್ಟು ಬೆಳ್ಳಗೆ ಕಾಣುವುದು. ಲೇಪ ಸವೆದ ಮೇಲೆ ಬಣ್ಣ ಮಾಸುತ್ತದೆ, ಒಳಗೆ ನಿಕಲ್ ಇದ್ದರೆ ಕಡಿತವೂ ಶುರು. ಆಗಾಗ ಮತ್ತೆ ಲೇಪ ಹಾಕಿಸುತ್ತಿರಬೇಕು. ಪಲ್ಲಾಡಿಯಂನದ್ದೇ ಬೇಕು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸ್ಟೀಲ್ ಉಂಗುರಕ್ಕೆ ಬಳಸುವ 316ಎಲ್‌ನಲ್ಲೂ ನೂರಕ್ಕೆ ಹತ್ತರ ಮೇಲೆ ನಿಕಲ್ ಇದೆ. ಅದು ಸುಲಭಕ್ಕೆ ಹೊರಗೆ ಬಿಡುವುದಿಲ್ಲ, ಆದರೂ ತುಂಬ ಅಲರ್ಜಿ ಇರುವವರಿಗೆ ನಾನು ಹೇಳುವುದಿಲ್ಲ.

ಪ್ಲಾಟಿನಂ ಉಂಗುರದಲ್ಲಿ ಸಾಮಾನ್ಯವಾಗಿ 95 ಭಾಗ ಪ್ಲಾಟಿನಂ. ಚರ್ಮಕ್ಕೆ ತುಂಬ ಒಳ್ಳೆಯದು, ಲೇಪದ ಗೋಜಿಲ್ಲ. ಗೀರು ಬೀಳುತ್ತದೆ, ಆದರೆ ಲೋಹ ಉದುರಿಹೋಗದೆ ಪಕ್ಕಕ್ಕೆ ಸರಿದು ಕೂರುತ್ತದೆ, ಹಾಗಾಗಿ ಸವೆತ ಕಡಿಮೆ. ತೂಕ ಜಾಸ್ತಿ, ಮಜೂರಿಯೂ ಜಾಸ್ತಿ, ವಾಪಸ್ ಕೊಡುವಾಗಿನ ಕಡಿತವನ್ನು ಕೊಳ್ಳುವ ಮೊದಲೇ ಕೇಳಿ. ಟೈಟಾನಿಯಂ ಇದಕ್ಕೆ ತದ್ವಿರುದ್ಧ. ಕೈಯಲ್ಲಿ ಇದೆ ಅಂತಲೇ ಗೊತ್ತಾಗದಷ್ಟು ಹಗುರ. ಮೂಳೆಗೆ ಹಾಕುವ ಪ್ಲೇಟು, ಹಲ್ಲಿನ ಇಂಪ್ಲಾಂಟ್ ಇದರದ್ದೇ, ಅಂದಮೇಲೆ ಚರ್ಮಕ್ಕೆ ಹೆದರಬೇಕಿಲ್ಲ. ಚಿನ್ನ ತೊಡದ ಮುಸ್ಲಿಂ ಗೆಳೆಯರು ಕೇಳಿದರೆ ಇವೆರಡರ ಜೊತೆ ಬೆಳ್ಳಿಯನ್ನೂ ಹೇಳುತ್ತೇನೆ. ಬಿಳಿ ಚಿನ್ನ ಅವರಿಗೆ ದಾರಿಯಲ್ಲ, ಅದೂ ಚಿನ್ನವೇ. ಬೆಳ್ಳಿ ಬೇಗ ಸವೆಯುತ್ತದೆ ಅನ್ನುವುದಕ್ಕೆ ಕಾಲುಂಗುರಗಳೇ ಸಾಕ್ಷಿ.

ಉಂಗುರದಡಿ ಕೆಂಪಾದರೆ ಎಲ್ಲವೂ ಅಲರ್ಜಿ ಅಲ್ಲ. ಎಷ್ಟೋ ಸಲ ಪಾತ್ರೆ ಸೋಪು, ಒದ್ದೆ ಅಲ್ಲೇ ನಿಂತು ಹಾಗಾಗುತ್ತದೆ. ಒಂದು ವಾರ ತೆಗೆದಿಟ್ಟು ನೋಡಿ. ಬ್ಲೀಚಿಂಗ್ ಪೌಡರ್ ಮುಟ್ಟುವಾಗಲೂ ತೆಗೆಯಿರಿ, ಕ್ಲೋರಿನ್ ಚಿನ್ನದ ಜೊತೆ ಬೆರೆಸಿದ ಲೋಹಗಳನ್ನೂ ಬೆಸುಗೆಯನ್ನೂ ತಿನ್ನುತ್ತದೆ.

ವರ್ಕ್‌ಶಾಪಿನಲ್ಲಿ ನನ್ನ ನಿಯಮ ಒಂದೇ, ಉಂಗುರ ತೆಗೆದು ಜೇಬಿಗೆ ಹಾಕಿ ಒಳಗೆ ಬನ್ನಿ. ಉಂಗುರ ಎಲ್ಲಾದರೂ ಸಿಕ್ಕಿಕೊಂಡು ಮೈಭಾರ ಅದರ ಮೇಲೆ ಬಿದ್ದರೆ ಬೆರಳಿನ ಚರ್ಮ, ರಕ್ತನಾಳ ಸಮೇತ ಕಿತ್ತುಬರುತ್ತದೆ. ಅದಕ್ಕೆ ಮೆಷಿನ್ನೇ ಬೇಕಿಲ್ಲ. ಲಾರಿಯಿಂದ ಕೆಳಗೆ ಹಾರಿದಾಗ, ಗೇಟು ಹತ್ತಿ ಇಳಿದಾಗ ಆಗುತ್ತದೆ. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಫ್ಯಾಲನ್ 2015ರಲ್ಲಿ ಮನೆಯಲ್ಲೇ ಎಡವಿ ಬಿದ್ದಾಗ ಮದುವೆ ಉಂಗುರ ಸಿಕ್ಕಿಕೊಂಡಿತು. ಬೆರಳು ಉಳಿಸಲು ಗಂಟೆಗಟ್ಟಲೆ ಸರ್ಜರಿ, ಹತ್ತು ದಿನ ಐಸಿಯು. ಮನೆಯ ಯುಪಿಎಸ್ ಬ್ಯಾಟರಿ ಬಿಗಿಮಾಡುವವರೂ ಕೇಳಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಪ್ಲಸ್ಸಿನ ಮೇಲೆ ಸ್ಪ್ಯಾನರ್ ಇದ್ದು, ಉಂಗುರ ಸ್ಪ್ಯಾನರಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ. ಕ್ಷಣದಲ್ಲಿ ಕಾದು ಬೆರಳಿನ ಸುತ್ತ ಸುಡುತ್ತದೆ. ಇಲ್ಲಿ ಚಿನ್ನ, ಟೈಟಾನಿಯಂ ಅಂತ ಭೇದ ಇಲ್ಲ. ಖಾಲಿ ಬೆರಳು ಇಷ್ಟವಿಲ್ಲದಿದ್ದರೆ ಸಿಲಿಕೋನ್ ಉಂಗುರ ಹಾಕಿಕೊಳ್ಳಿ. ಜೋರಾಗಿ ಎಳೆದರೆ ಹರಿದುಹೋಗುತ್ತದೆ, ಬೇಕಾದ್ದೂ ಅದೇ.

"ಸರ್, ಆಗಲೇ ಟಂಗ್‌ಸ್ಟನ್ ತಗೊಂಡಾಯ್ತು" ಅನ್ನುವವರೂ ಇದ್ದಾರೆ. ಬಿಸಾಡಬೇಕಿಲ್ಲ. ಸಂಜೆ ಹೊತ್ತು, ಬೆರಳು ಸ್ವಲ್ಪ ಊದಿರುವಾಗ ಹಾಕಿ ನೋಡಿ, ಆಗಲೂ ಗೆಣ್ಣು ದಾಟಿ ಹೊರಗೆ ಬರಬೇಕು. ಬಿಗಿ ಅನಿಸಿದರೆ ಬದಲಾಯಿಸಿ. ಮನೆಯವರಿಗೆ ಇದು ಟಂಗ್‌ಸ್ಟನ್ ಅಂತ ಗೊತ್ತಿರಲಿ, ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಹೇಳಬೇಕು. ಕತ್ತರಿಸಲು ಹೋಗಿ ಹೊತ್ತು ಕಳೆಯುವ ಬದಲು, ಲಾಕಿಂಗ್ ಪ್ಲೈಯರ್‌ನಲ್ಲಿ ಉಂಗುರವನ್ನು ಮೆಲ್ಲಗೆ ಹಿಡಿದು, ಬಿಟ್ಟು, ತಿರುಪನ್ನು ಒಂದಿಷ್ಟೇ ಬಿಗಿಮಾಡಿ ಮತ್ತೆ ಹಿಡಿಯುತ್ತ ಹೋದರೆ ಟಕ್ ಅಂತ ಒಡೆಯುತ್ತದೆ. ಚೂರು ಸಿಡಿಯುತ್ತದೆ, ಆ ಹೊತ್ತಿಗೆ ಕಣ್ಣಿಗೆ ಕನ್ನಡಕ ಇರಲಿ, ಬೆರಳ ಮೇಲೆ ಬಟ್ಟೆ ಇರಲಿ.