ಆಷಾಢವೆಲ್ಲಾ ಕೇಬಲ್ ಚುಚ್ಚಿಟ್ಟಿದ್ದೆ

ಆಷಾಢ ಅಂದ್ರೆ ನಮ್ಮ ಆರ್ಕೆಸ್ಟ್ರಾದವರಿಗೆ ರಜೆ. ಮದುವೆ ಇಲ್ಲ, ರಿಸೆಪ್ಷನ್ ಇಲ್ಲ, ಪೇಮೆಂಟೂ ಇಲ್ಲ. ಮೈಸೂರಿನ ಮನೆಯಲ್ಲಿ ಕೂತು ಯಾರದ್ದೋ ಗಿಟಾರಿಗೆ ತಂತಿ ಬದಲಿಸುವುದು, ಇನ್ಯಾರದ್ದೋ ಗಿಟಾರಿನ ಕತ್ತು ನೆಟ್ಟಗೆ ಮಾಡೋ ಟ್ರಸ್ ರಾಡ್ ತಿರುಗಿಸುವುದು. ಅದೂ ಮುಗಿದ ಮೇಲೆ ಕೈ ಸುಮ್ನಿರಲ್ಲ. ಹೋದ ಆಷಾಢದಲ್ಲಿ ಆ ಕೈ ನನ್ನದೇ ಬೇಸ್ ಗಿಟಾರಿನ ಮೇಲೆ ಬಿತ್ತು.

ಅದು ಯಮಹಾ ಟಿಆರ್‌ಬಿಎಕ್ಸ್ 174. ಓದು ಮುಗಿಸಿ ಊರಿಗೆ ಹೊರಟಿದ್ದ ಇಂಜಿನಿಯರಿಂಗ್ ಹುಡುಗನಿಂದ 11,000ಕ್ಕೆ ತಗೊಂಡಿದ್ದು. ತಂದ ದಿನ ಇ ತಂತಿ, ಅಂದ್ರೆ ಎಲ್ಲಕ್ಕಿಂತ ದಪ್ಪನೆಯದು, ಹನ್ನೆರಡನೇ ಫ್ರೆಟ್ಟಿನ ಮೇಲೆ 4 ಮಿಲಿಮೀಟರ್ ಎತ್ತರದಲ್ಲಿತ್ತು. ಎರಡು ನಾಣ್ಯ ಜೋಡಿಸಿ ತೂರಿಸಬಹುದಿತ್ತು. ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಿ, ತಂತಿ ಕೂರುವ ಸ್ಯಾಡಲ್ ಇಳಿಸಿ 2 ಚಿಲ್ಲರೆಗೆ ತಂದೆ. 45-105 ದಪ್ಪದ ತಂತಿ ಸೆಟ್ ಹಾಕಿದೆ. ಒಳಗಿನ ಗುಳಿಗೆಲ್ಲಾ ತಾಮ್ರದ ಟೇಪ್ ಅಂಟಿಸಿ ಅರ್ತ್ ಕೊಟ್ಟೆ, ಹಮ್ ಅಂದ್ರೆ ಕರೆಂಟಿನ ಗುಂಯ್ ಸದ್ದು ಒಳಗೆ ಬರದ ಹಾಗೆ. ಈ ಟೇಪಿನ ಕೆಲಸಕ್ಕೆ ಮಾತ್ರ ನನಗೆ ಇವತ್ತಿಗೂ ಹೆಮ್ಮೆ ಇದೆ. ನಮ್ಮ ಕರೆಂಟಿನ ಹಮ್ 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಅಂದ್ರೆ ಹಮ್ ಇರೋ ಬೇಸ್ ಹಿಡಿದು ಜಿ ಸ್ಕೇಲಿನ ಹಾಡು ನುಡಿಸಿದರೆ, ಶ್ರುತಿಪೆಟ್ಟಿಗೆಯನ್ನು ಒಂದೆಳೆ ಏರಿಸಿ ಪಕ್ಕದಲ್ಲಿಟ್ಟ ಹಾಗೆ. ಹಾಡುವವರು ನಿಮ್ಮನ್ನೇ ಗುರಾಯಿಸುತ್ತಾರೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆನ್‌ಲೈನಲ್ಲಿ 1,400 ರೂಪಾಯಿಗೆ ಪ್ರಿಆಂಪ್, ಅಂದ್ರೆ ಬೇಸಿನ ಒಳಗೇ ಕೂತು ಸದ್ದು ಏರಿಸಿ ತಿದ್ದುವ ಸಣ್ಣ ಸರ್ಕ್ಯೂಟ್, ಸಿಗುತ್ತಿತ್ತು. ಬೇಸ್, ಟ್ರೆಬಲ್ ಎರಡು ನಾಬ್, 9 ವೋಲ್ಟ್ ಬ್ಯಾಟರಿ. ತರಿಸಿ ಸೋಲ್ಡರ್ ಮಾಡಿದೆ. ಬ್ಯಾಟರಿ ಬಾಕ್ಸ್ ಹಾಕಬೇಕಾದರೆ ಹಿಂದೆ ಮರ ಕೊರೆಯಬೇಕು. ಮನಸ್ಸು ಬರಲಿಲ್ಲ. ಬ್ಯಾಟರಿಗೆ ಸ್ಪಂಜ್ ಸುತ್ತಿ, ನಾಬ್ ಕೆಳಗಿನ ಪಾಟುಗಳ ಪಕ್ಕದಲ್ಲೇ ತುರುಕಿ, ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಪ್ರಿಆಂಪ್ ಬೇಡ ಅಂದಾಗ ತಪ್ಪಿಸಿ ಹೋಗೋಕೆ ಒಂದು ಪ್ಯಾಸಿವ್ ಸ್ವಿಚ್ ಇಡ್ತಾರೆ. ಅದೂ ಬೇಡ ಅಂದುಕೊಂಡೆ. ಮುಖದ ಮೇಲೆ ಇನ್ನೊಂದು ತೂತು ಯಾಕೆ, ಅಲ್ವಾ?

ಇನ್ನು ಜಾಕ್, ಕೇಬಲ್ ಚುಚ್ಚುವ ಜಾಗ. ಇಂಥ ಬೇಸಿನಲ್ಲಿ ಬೇರೆ ಆನ್-ಆಫ್ ಇರುವುದಿಲ್ಲ. ಸ್ಟೀರಿಯೋ ಜಾಕೇ ಸ್ವಿಚ್. ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್, ಕಿತ್ತರೆ ಆಫ್. ರಿಪೇರಿಗೆ ಬರುವ ಹುಡುಗರಿಗೆಲ್ಲಾ ನಾನೇ ಇದನ್ನು ಹೇಳಿ ಕಳಿಸುತ್ತೇನೆ. ಹೇಳಿ ಕಳಿಸುವವನ ಬೇಸ್ ಮಾತ್ರ ಆಷಾಢ ಪೂರ್ತಿ ಮೂಲೆಯ ಸ್ಟ್ಯಾಂಡಿನಲ್ಲಿ ಕೇಬಲ್ ಚುಚ್ಚಿಸಿಕೊಂಡೇ ನಿಂತಿತ್ತು.

ಶ್ರಾವಣದ ಕೊನೆಯಲ್ಲಿ ಪ್ರಾಕ್ಟೀಸ್. ಎರಡನೇ ಹಾಡಿಗೇ ಕೀಬೋರ್ಡ್ ಮೇಷ್ಟ್ರು ತಲೆ ಎತ್ತಿದರು. "ಬೇಸ್ ಯಾಕೋ ಒಡೆದು ಹರೀತಾ ಇದೆ, ನೋಡ್ಕೊಳಪ್ಪ" ಅಂದರು. ನಾನು, "ಅದು ಗ್ರಿಟ್ ಸಾರ್, ಹೊಸ ಪ್ರಿಆಂಪ್" ಅಂದೆ. ಗ್ರಿಟ್ ಅಂದ್ರೆ ಬೇಕಂತಲೇ ತರುವ ಒರಟು ಸದ್ದು. ಈ ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬ್ಯಾಟರಿ ಸಾಯುವಾಗ ಮೊದಲು ಜೋರಾಗಿ ಮೀಟಿದ ಸ್ವರ ಹರಿಯುತ್ತದೆ, ಆಮೇಲೆ ವಾಲ್ಯೂಮ್ ಕುಗ್ಗುತ್ತದೆ. ಇದೂ ನನಗೆ ಗೊತ್ತಿರೋದೇ. ಆದರೆ 1,400 ಖರ್ಚು ಮಾಡಿದ ಕಿವಿಗೆ ಅದು ಗ್ರಿಟ್ ಥರಾನೇ ಕೇಳಿಸಿತು.

ಗಣೇಶನ ಪ್ರೋಗ್ರಾಂ ಮಂಡ್ಯದ ಹತ್ತಿರದ ಒಂದು ಊರಲ್ಲಿ. ಕಬ್ಬಿನ ಗದ್ದೆ ಪಕ್ಕದ ಬಯಲಲ್ಲಿ ಸ್ಟೇಜ್, ಜನರೇಟರ್, ಎರಡೂ ಕಡೆ ಟಾಪ್ ಸ್ಪೀಕರ್, ಕೆಳಗೆ ತಗ್ಗಿನ ಸದ್ದಿಗೆ ಸಬ್. ಏಳಕ್ಕೆ ಶುರು ಅಂತ ಮಾತು. ಗಣ್ಯರ ಭಾಷಣ, ಶಾಲು, ಹಾರ ಎಲ್ಲಾ ಮುಗಿದು ನಾವು ಶುರು ಮಾಡಿದ್ದು ಎಂಟೂ ಕಾಲಿಗೆ. ಹತ್ತಕ್ಕೆ ಮೈಕ್ ಆಫ್ ಆಗಲೇಬೇಕು, ಪೊಲೀಸರು ಬಂದು ಕೆಳಗೇ ನಿಂತಿರುತ್ತಾರೆ. ನಮ್ಮ ಓನರ್ ಹಾಡಿನ ಲಿಸ್ಟ್ ಮಾತ್ರ ಮೂರು ಗಂಟೆಯದ್ದು. ಪ್ರತಿ ವರ್ಷ ಇದೇ. ಹೇಳಿದರೆ, "ಸ್ಪೀಡಾಗಿ ಹೊಡೀರಿ" ಅನ್ನುತ್ತಾರೆ.

ಆರನೇ ಹಾಡು ಕುಣಿತದ ಹಾಡು. ಮುಂದಿನ ಸಾಲಿನ ಹುಡುಗರೆಲ್ಲಾ ಎದ್ದರು. ಪಲ್ಲವಿಗೆ ಬರುವಷ್ಟರಲ್ಲಿ ನನ್ನ ಬೇಸ್ ಪರ್ ಪರ್ ಅಂತ ಹರಿದು, ಸಣ್ಣಗಾಗಿ, ನಿಂತೇ ಹೋಯಿತು.

ಮಿಕ್ಸರ್ ಕಡೆ ಕೈ ಮಾಡಿದೆ. ಸೌಂಡಿನ ಹುಡುಗ ಬಗ್ಗಿಕೊಂಡು ಓಡಿ ಬಂದ. "ಲೈನೇ ಬತ್ತಿಲ್ಲ ಕಣಣ್ಣೋ!"

"ಲೈನ್ ಕಳಿಸ್ತಾ ಇದೀನಿ. ನಿನ್ನ ಕೇಬಲ್ ನೋಡೋ," ಅಂದೆ. ಗಂಟಲು ಸ್ವಲ್ಪ ಜೋರೇ ಆಯಿತು.

ಬೇರೆ ಕೇಬಲ್ ಕೊಟ್ಟ. ಚುಚ್ಚಿದೆ, ಬಂತು! "ನೋಡ್ದಾ" ಅನ್ನೋ ಹಾಗೆ ಅವನ ಮುಖ ನೋಡಿದೆ. ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು ಆಗಲಿಲ್ಲ, ಮತ್ತೆ ಹೋಯಿತು. ಹಾಗಾದರೆ ಬೇಸನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸೇ ಸರಿಯಿಲ್ಲ ಅಂದೆ. ನಾನು ಬೇಸಿನಿಂದ ಕೇಬಲ್ ಕಿತ್ತೆ, ಅವನು ಬೇರೆ ಬಾಕ್ಸ್ ಇಟ್ಟ, ಮತ್ತೆ ನಾಲ್ಕು ಬಾರ್, ಮತ್ತೆ ಮೌನ. ಮೂರನೆಯದಾಗಿ ಜನರೇಟರನ್ನು ಬೈದೆ. ಜನರೇಟರ್ ಪಕ್ಕ ಬೀಡಿ ಸೇದುತ್ತಾ ಕೂತಿದ್ದವರು ನನ್ನನ್ನೇ ನೋಡಿದರು. ಸ್ಟೇಜಲ್ಲಿ ಲೈಟ್ ಉರೀತಿದೆ, ಕೀಬೋರ್ಡ್ ನುಡೀತಿದೆ, ಡ್ರಮ್ ಪ್ಯಾಡ್ ಹೊಡೀತಿದೆ. ಬೇಸಿಗೆ ಮಾತ್ರ ಕರೆಂಟ್ ಸಾಲದೇ? ಅಷ್ಟೂ ಯೋಚಿಸಲಿಲ್ಲ. ಕೈಯಲ್ಲಿರೋ ವಸ್ತು ಬಿಟ್ಟು ಊರಲ್ಲಿರೋದನ್ನೆಲ್ಲಾ ಅನುಮಾನಿಸಿದೆ.

ಹಾಡು ಮುಗಿದು ಮುಂದಿನದು ಶುರುವಾಯಿತು. ಓನರ್ ಕಣ್ಣಲ್ಲೇ ನನ್ನನ್ನು ಸ್ಟೇಜಿನ ಹಿಂದಕ್ಕೆ ಕಳಿಸಿದರು. ಪರದೆ ಹಿಂದೆ ಕೂತೆ. ಹುಡುಗ ಮಲ್ಟಿಮೀಟರ್ ತಂದು ಕೇಬಲ್ ಎರಡೂ ತುದಿ ಚೆಕ್ ಮಾಡಿದ. ಬೀಪ್ ಬಂತು. "ಕೇಬಲ್ ಸರಿಯಾಗೈತೆ ಕಣಣ್ಣ" ಅಂದ, ತುಂಬಾ ಮೆತ್ತಗೆ. ಮತ್ತೆ ಬೇಸಿಗೇ ಚುಚ್ಚಿದ. ನನಗೆ ಸ್ಟಾರ್ ಸ್ಕ್ರೂಡ್ರೈವರ್ ಬೇಕಿತ್ತು. ನನ್ನದು ಮೈಸೂರಿನ ಟೇಬಲ್ ಮೇಲಿತ್ತು. ಅವನದ್ದೇ ತಗೊಂಡೆ. ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮುಚ್ಚಳ ಬಿಚ್ಚಿದೆ. ಒಂದು ಸ್ಕ್ರೂ ಹುಲ್ಲಿಗೆ ಬಿತ್ತು. ಅದು ಇನ್ನೂ ಅಲ್ಲೇ ಇದೆ.

ಬ್ಯಾಟರಿಗೆ ಮೀಟರ್ ಕಡ್ಡಿ ಇಟ್ಟೆ. 5.2. ನೋಡ್ತಾ ನೋಡ್ತಾ 5.0. ಕೇಬಲ್ ಇನ್ನೂ ಚುಚ್ಚಿಕೊಂಡೇ ಇತ್ತು. ಕಿತ್ತೆ. ಅಂಕಿ ನಿಧಾನಕ್ಕೆ ಮೇಲೇರತೊಡಗಿತು. 5.6, 5.9, 6.1. ಅದು ಏರುವುದನ್ನು ನೋಡುತ್ತಾ ಕೂತವನಿಗೆ ಆಷಾಢದ ಸ್ಟ್ಯಾಂಡು, ಗ್ರಿಟ್ಟು, ನಾಲ್ಕು ಬಾರಿನ ಪವಾಡ ಎಲ್ಲಾ ಒಟ್ಟಿಗೆ ಅರ್ಥವಾಯಿತು. ಕೇಬಲ್ ಬದಲಿಸುವಾಗ ಬ್ಯಾಟರಿ ಉಸಿರು ಎಳೆದುಕೊಳ್ಳುತ್ತಿತ್ತು, ಅಷ್ಟೇ. ಕೇಬಲ್ಲಲ್ಲಿ ಏನೂ ಇರಲಿಲ್ಲ.

ಒಂಬತ್ತೂವರೆಗೆ ಆ ಊರಲ್ಲಿ 9 ವೋಲ್ಟ್ ಬ್ಯಾಟರಿ ಎಲ್ಲಿ ಸಿಗಬೇಕು? ಕಾರ್ಡ್‌ಲೆಸ್ ಮೈಕಿನದು ಪೆನ್ಸಿಲ್ ಸೆಲ್. ತಲೆ ಕೆಳಗೆ ಹಾಕಿ ಕೂತಿದ್ದೆ. ಹುಡುಗ ಏನೂ ಮಾತಾಡದೆ ಮೀಟರ್ ಮಗುಚಿ, ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿದ್ದ 9 ವೋಲ್ಟ್ ಬ್ಯಾಟರಿ ತೆಗೆದು ನನ್ನ ಕೈಗಿಟ್ಟ. ಐದು ನಿಮಿಷದಿಂದ ಅದು ನನ್ನ ತೊಡೆ ಮೇಲೇ ಇತ್ತು.

ವಾಪಸ್ ಸ್ಟೇಜ್ ಹತ್ತುವಷ್ಟರಲ್ಲಿ ಮೂರು ಹಾಡು ಹೋಗಿತ್ತು. ಉಳಿದ ನಾಲ್ಕಕ್ಕೆ ನುಡಿಸಿದೆ. ಮುಚ್ಚಳ ಇಲ್ಲದ ಬೇಸು, ಒಳಗಿನ ವೈರು ಶರ್ಟಿನ ಗುಂಡಿಗೆ ಸಿಕ್ಕಿಕೊಳ್ಳುತ್ತಿತ್ತು.

ಹತ್ತಕ್ಕೆ ಎಲ್ಲಾ ಆಫ್ ಆಯಿತು. ಸಾಮಾನು ಕಟ್ಟುವಾಗ ಸಂಘದ ಹುಡುಗನೊಬ್ಬ ಬಂದು ಬೆನ್ನು ತಟ್ಟಿದ. "ಏನ್ ಗುರೂ, ಬೇಸು ಎದೆಗೇ ಗುಮ್ತಾ ಇತ್ತು!" ಖುಷಿಯಾಯಿತು. ಯಾವ ಹಾಡಲ್ಲಿ ಅಂತ ಕೇಳಬಾರದಿತ್ತು, ಕೇಳಿದೆ. ಏಳನೇ ಹಾಡು. ಆಗ ನಾನು ಪರದೆ ಹಿಂದೆ ಹುಲ್ಲಲ್ಲಿ ಸ್ಕ್ರೂ ಹುಡುಕುತ್ತಿದ್ದೆ. ಬೇಸ್ ಹೊಡೆದದ್ದು ಮೇಷ್ಟ್ರ ಎಡಗೈ.

ಮೇಷ್ಟ್ರು ಪಕ್ಕದಲ್ಲೇ ಇದ್ದರು, ಏನೂ ಅನ್ನಲಿಲ್ಲ. ವ್ಯಾನಲ್ಲಿ ಓನರ್ ಅಂದರು. "ಕೀಬೋರ್ಡಲ್ಲೇ ಬರುತ್ತಲ್ಲಪ್ಪಾ ಬೇಸು. ನಿನ್ನ ಪೇಮೆಂಟ್ ಬಗ್ಗೆ ಯೋಚ್ನೆ ಮಾಡ್ಬೇಕು." ನಗುತ್ತಲೇ ಅಂದದ್ದು. ಆದರೆ ದಸರಾ ಪ್ರೋಗ್ರಾಮಿಗೆ ನನಗೆ ಫೋನ್ ಬಂದದ್ದು ಉಳಿದವರಿಗಿಂತ ಎರಡು ದಿನ ತಡವಾಗಿ. ಆ ಎರಡು ದಿನ ಚೆನ್ನಾಗಿ ನಿದ್ದೆ ಬಂತು ಅಂತ ಹೇಳಲಾರೆ.

ಪ್ರಿಆಂಪ್ ಕಿತ್ತು ಹಳೇ ಪಾಟುಗಳನ್ನೇ ವಾಪಸ್ ಹಾಕಿದೆ. ತೆರೆದ ಇ ತಂತಿ 41 ಹರ್ಟ್ಸ್. ಬಯಲಿನ ಬಾಡಿಗೆ ಸೆಟ್ಟಿನಲ್ಲಿ ಅಷ್ಟು ಕೆಳಗಿನದು ಸರಿಯಾಗಿ ಬರುವುದೂ ಅಪರೂಪ. ನಾನು ಬೇಸ್ ನಾಬ್ ಪೂರ್ತಿ ತಿರುಗಿಸುತ್ತಿದ್ದೆ, ಸೌಂಡಿನ ಹುಡುಗ ಅದನ್ನು ಮಿಕ್ಸರಿನಲ್ಲಿ ಅಷ್ಟೇ ಕತ್ತರಿಸುತ್ತಿದ್ದ. ಇದನ್ನೂ ಅವನೇ ಹೇಳಿದ್ದು, ಬ್ಯಾಟರಿ ವಾಪಸ್ ಕೊಡಲು ಹೋದಾಗ. ಎರಡು ಹೊಸ ಬ್ಯಾಟರಿ ತಗೊಂಡು ಹೋಗಿದ್ದೆ. ಒಂದನ್ನು ಮೀಟರಿಗೆ ಹಾಕಿಕೊಂಡ, ಇನ್ನೊಂದನ್ನು ನನಗೇ ವಾಪಸ್ ಕೊಟ್ಟ.

"ನೀನ್ ಮಡೀಕಣ್ಣ," ಅಂದ.