ಎಂಜಿನ್ ಎಳೀತದೆ ಸರಿ, ಗೇರ್‌ಬಾಕ್ಸ್ ಎಂತ ಹೇಳ್ತದೆ?

ಅಂಕೋಲಾ ಕಡೆ ಗೇರ್‌ಬಾಕ್ಸ್ ಕೆಲ್ಸ ಮಾಡೋ ನಮ್ಮಂಥೋರಿಗೆ ರಜೆ ಸೀಸನ್ ಮುಗಿಯೋ ಹೊತ್ತಿಗೇ ಗಿರಾಕಿ ಜಾಸ್ತಿ. ಗೋಕರ್ಣ, ಕಾರವಾರಕ್ಕೆ ಆಟೋಮ್ಯಾಟಿಕ್ ಎಸ್‌ಯುವಿ ಹಿಂದೆ ಮಲಗೋ ವ್ಯವಸ್ಥೆ ಇರೋ ಕ್ಯಾಂಪರ್ ಟ್ರೇಲರ್ ಕಟ್ಕೊಂಡು ಬರೋರು ಈಗೀಗ ಕಾಣ್ತಾರೆ, ಬೋಟ್ ಎಳ್ಕೊಂಡು ಬರೋರೂ ಇದ್ದಾರೆ. ಬರೋವಾಗ ಘಟ್ಟ ಇಳಿಯೋದಲ್ವಾ, ಏನೂ ಗೊತ್ತಾಗೋದಿಲ್ಲ, ವಾಪಸ್ ಹತ್ತೋವಾಗ ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಗಾಡಿ ನಿಲ್ತದೆ.

ನಿಂತ್ಮೇಲೆ ಹೇಳೋದು ಒಂದೇ. ಹುಬ್ಬಳ್ಳಿಯವ್ರೊಬ್ರು, "ಅಣ್ಣಾರ, ಎಂಜಿನ್ ಭಾರಿ ಐತ್ರಿ, ರೇಸ್ ಕೊಟ್ರ ಆರ್‌ಪಿಎಂ ಮ್ಯಾಲ ಹೊಕ್ಕೈತಿ, ಗಾಡಿ ಮಾತ್ರ ಮುಂದ ಹೋಗವಲ್ದು" ಅಂದ್ರು. ಎಂಜಿನ್ನಿಗೆ ಎಂತದೂ ಆಗಿರ್ಲಿಲ್ಲ ಮಾರಾಯ್ರೆ, ಅದರ ಪವರ್ ಚಕ್ರಕ್ಕೆ ಮುಟ್ಟದೇ ಗೇರ್‌ಬಾಕ್ಸ್ ಒಳಗೇ ಖರ್ಚಾಗ್ತಿತ್ತು.

ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರ್ತದೆ, ಒಳಗೆ ಎಂಜಿನ್ ಕಡೆ ಫ್ಯಾನ್ ಆಯಿಲ್ ತಳ್ತದೆ, ಆ ಆಯಿಲ್ಲೇ ಗೇರ್ ಕಡೆ ಫ್ಯಾನ್ ತಿರುಗಿಸ್ತದೆ, ಹಾಗಾಗಿ ಸ್ವಲ್ಪ ಜಾರ್ತದೆ. ಸ್ಪೀಡ್ ಬಂದ್ಮೇಲೆ ಲಾಕಪ್ ಕ್ಲಚ್ ಎರಡನ್ನೂ ನೇರ ಹಿಡ್ಕೊಳ್ತದೆ, ಆಮೇಲೆ ಜಾರೋದಿಲ್ಲ. ಆದ್ರೆ ತಿರುವಿನಲ್ಲಿ ಲೋಡ್ ಲಾರಿ ಹಿಂದೆ ಸಿಕ್ಕಾಕೊಂಡು, ಹಿಂದೆ ಒಂದು ಟನ್ ಟ್ರೇಲರ್ ಇಟ್ಕೊಂಡು, ಹದಿನೈದರ ಸ್ಪೀಡಲ್ಲಿ ತೆವಳ್ತಾ ಇದ್ರೆ ಲಾಕಪ್ ಆಗೋದೇ ಇಲ್ಲ, ಮಜ್ಜಿಗೆ ಕಡೆದ ಹಾಗೆ ಕಡೀತಾನೇ ಇರ್ತದೆ, ಬೆಣ್ಣೆ ಬರೋದಿಲ್ಲ, ಬರೀ ಬಿಸಿ. ಕೂಲರ್‌ಗೆ (ಆಯಿಲ್ ತಣಿಸೋದು ಅದೇ) ಗಾಳಿಯೂ ಸಾಲೋದಿಲ್ಲ. ಸಾಮಾನ್ಯವಾಗಿ 80-95 ಡಿಗ್ರಿ ಇರೋ ಆಯಿಲ್ ಸುಮಾರು 115 ದಾಟಿದ್ರೆ ಒಳಗೆ ವಾರ್ನಿಶ್ ಥರ ಅಂಟು ಪದರ ಕಟ್ಟೋಕೆ ಶುರು, 125ರ ಮೇಲೆ ಸೀಲ್ ಗಟ್ಟಿಯಾಗ್ತವೆ, 145ರ ಹತ್ರ ಗೇರ್ ಹಿಡಿಯೋ ಕ್ಲಚ್ ಪ್ಲೇಟೇ ಜಾರ್ತದೆ. ಡ್ಯಾಶ್‌ಬೋರ್ಡಲ್ಲಿ ಕಾಣೋ ಟೆಂಪರೇಚರ್ ಮುಳ್ಳು ಎಂಜಿನ್ ಕೂಲಂಟ್‌ದು, ಗೇರ್‌ಬಾಕ್ಸ್ ಬೇಯ್ತಾ ಇದ್ರೂ ಅದು ನಡುವೆಯೇ ನಿಂತಿರ್ಬಹುದು.

ಹಾಗಾಗಿ ಇಂಥ ಗಾಡಿ ಬಂದ್ರೆ ಗೇರ್‌ಬಾಕ್ಸ್ ಇಳಿಸೋ ಮಾತು ಆಮೇಲೆ, ಮೊದ್ಲು ಆಯಿಲ್. ಕೆಂಪಿದ್ದದ್ದು ಕಂದಾಗಿ ಸುಟ್ಟ ವಾಸನೆ ಬಂದ್ರೆ ಅಡಿಯ ಆಯಿಲ್ ಪ್ಯಾನ್ ಬಿಚ್ಚೋದು, ಅದ್ರಲ್ಲಿ ಲೋಹದ ಪುಡಿ ಹಿಡಿಯೋ ಮ್ಯಾಗ್ನೆಟ್ ನೋಡೋದು. ನುಣ್ಣಗಿನ ಬೂದು ಪೇಸ್ಟ್ ಇದ್ರೆ ಅದು ಮಾಮೂಲಿ ಸವೆತದ್ದೇ, ಹೆದರೋದು ಬೇಡ. ಲೋಹದ ಚೂರು ಸಿಕ್ರೆ ದೊಡ್ಡ ಕೆಲ್ಸ. ಹುಬ್ಬಳ್ಳಿಯವ್ರದ್ದು ಬರೀ ಪೇಸ್ಟ್, ಪುಣ್ಯ. "ಆಯಿಲ್ ಲೈಫ್‌ಟೈಮ್ ಅಂತ ಹೇಳ್ಯಾರಲ್ರಿ" ಅಂತ ಅವ್ರ ವಾದ. ಸುಮಾರು ಗಾಡಿಗಳ ಪುಸ್ತಕದಲ್ಲಿ ಟ್ರೇಲರ್ ಎಳೆಯೋರಿಗೆ, ಘಟ್ಟ ಓಡಿಸೋರಿಗೆ ಬೇರೆ ಸರ್ವಿಸ್ ಲೆಕ್ಕ ಕೊಟ್ಟಿರ್ತಾರೆ, ಆ ಪುಟ ಯಾರೂ ತೆಗೆಯೋದಿಲ್ಲ.

ಓಡಿಸೋ ರೀತಿಯಲ್ಲೂ ಇದೆ. ಘಟ್ಟದ ಬುಡದಲ್ಲೇ ಮ್ಯಾನ್ಯುವಲ್ ಮೋಡಿಗೆ ಹಾಕಿ ಕಮ್ಮಿ ಗೇರ್ ಹಿಡೀರಿ, ಆರ್‌ಪಿಎಂ ಜಾಸ್ತಿ ಅಂತ ಹೆದರ್ಬೇಡಿ, ಡಿ (ಡ್ರೈವ್) ನಲ್ಲೇ ಬಿಟ್ರೆ ಅದು ಮೇಲೊಂದು ಕೆಳಗೊಂದು ಗೇರ್ ಹುಡುಕ್ತಾ ಕೂರ್ತದೆ, ಪ್ರತಿ ಸಲ ಕ್ಲಚ್ ಜಾರ್ತದೆ. ಲಾರಿ ಸಾಲು ಸಿಕ್ರೆ ಹಿಂದೆ ಅಂಟ್ಕೊಳ್ದೆ ಅಗಲ ಜಾಗ ನೋಡಿ ಪಕ್ಕಕ್ಕೆ ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ, ಗೇರ್‌ಬಾಕ್ಸ್ ಪಂಪ್ ತಿರುಗ್ತಾ ಇದ್ರೇ ಆಯಿಲ್ ಕೂಲರ್‌ಗೆ ಹೋಗೋದು. ನಿಲ್ಸಿದ ಕೂಡ್ಲೇ ಕೀ ತೆಗೆಯೋದು ಬಹಳ ಜನರ ಚಟ.

ಇಳಿಯೋವಾಗ್ಲೂ ಅದೇ ಕಮ್ಮಿ ಗೇರ್, ಇಲ್ದಿದ್ರೆ ಬ್ರೇಕ್ ಬಿಸಿಯಾಗ್ತದೆ.

ಡ್ರೈ ಕ್ಲಚ್ ಡಿಸಿಟಿ (ಟಾರ್ಕ್ ಕನ್ವರ್ಟರ್ ಇಲ್ದ, ಆಯಿಲ್ಲಿಲ್ಲದ ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗಾಡಿಯೋರು ತೆವಳೋ ಟ್ರಾಫಿಕ್ಕಲ್ಲಿ ಇನ್ನೂ ಜಾಗ್ರತೆ, ಅಲ್ಲಿ ಬಿಸಿ ನೇರ ಪ್ಲೇಟಿಗೇ. ಬೀಚಿನ ಮರಳಲ್ಲಿ ಬೋಟ್ ಟ್ರೇಲರ್ ರಿವರ್ಸ್ ಹಾಕಿ ರೇಸ್ ಕೊಡೋರಿಗಂತೂ ಎಂತ ಹೇಳೋದು.

ಹುಬ್ಬಳ್ಳಿಯವ್ರಿಗೆ ಆಯಿಲ್, ಫಿಲ್ಟರ್ ಬದಲಿಸಿ ಮುಂದೆ ಒಂದು ಎಕ್ಸ್ಟ್ರಾ ಕೂಲರ್ ಕೂರಿಸಿ ಕೊಟ್ವಿ. ಬಿಲ್ ನೋಡಿ ಮುಖ ಸಣ್ಣ ಮಾಡಿದ್ರು, ಗೇರ್‌ಬಾಕ್ಸ್ ಓವರ್‌ಹಾಲ್ ರೇಟ್ ಕೇಳಿದ್ಮೇಲೆ ಜಿಪೇ ಮಾಡಿದ್ರು.