ಏಳು ಗಂಟೆಯ ಮಾತ್ರೆ

ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. "ಮುಂಬಯಿಯಲ್ಲಿ ನರ್ಸಾ?" ಅಲ್ಲ. "ಹಾಗಾದ್ರೆ ಡಾಕ್ಟರಾ?" ಅದೂ ಅಲ್ಲ. ದಾದರ್ ಕಡೆಯ ಒಂದು ಆಸ್ಪತ್ರೆಯ ನರರೋಗ ವಿಭಾಗದಲ್ಲಿ ನಾನು ಕೋಆರ್ಡಿನೇಟರ್. ಡಾಕ್ಟರು, ಫಿಸಿಯೋ, ವಾರ್ಡು, ಇನ್ಶೂರೆನ್ಸ್, ಮನೆಯವರು, ಇಷ್ಟೂ ಜನರ ನಡುವೆ ಮಾತು ತಪ್ಪಿಹೋಗದ ಹಾಗೆ ನೋಡಿಕೊಳ್ಳಬೇಕು. ಸಾಗರದಲ್ಲಿರುವ ಅಮ್ಮ ಮಾತ್ರ "ಅವ್ಳು ಆಸ್ಪತ್ರೇಲಿ ಫೋನ್ ಮಾಡ್ತಾಳೆ" ಅಂತಲೇ ಎಲ್ಲರಿಗೂ ಹೇಳುವುದು. ತಪ್ಪೇನಿಲ್ಲ ಬಿಡಿ.

ನಾನು ಮಾಮ ಅಂತ ಕರೆಯುವ ಒಬ್ಬರಿದ್ದಾರೆ. ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗ ಬಂದು ಮಾಟುಂಗದ ಹೋಟೆಲಲ್ಲಿ ಲೋಟ ತೊಳೆದವರು, ಆಮೇಲೆ ಡೊಂಬಿವಲಿಯಲ್ಲಿ ಸ್ವಂತ ಹೋಟೆಲ್ ಹಾಕಿದರು. ಬೇರೆಲ್ಲೋ ಒಂದು ವರ್ಷ ಭುಜದ ನೋವಿಗೆ ಔಷಧಿ ತಗೊಂಡು ನಮ್ಮಲ್ಲಿಗೆ ಬಂದಿದ್ದರು. "ಕೈ ನಡುಗುತ್ತಾ?" ಅಂತ ಡಾಕ್ಟರು ಹಿಂದಿಯಲ್ಲಿ ಕೇಳಿದರೆ ಇಲ್ಲ ಅಂತ ತಲೆ ಆಡಿಸಿಬಿಟ್ಟರು. ನಿಜವೇ, ಅವರ ಕೈ ಅಷ್ಟು ನಡುಗುತ್ತಿರಲಿಲ್ಲ. ಬಿಗಿ, ನಿಧಾನ, ಅಷ್ಟೇ.

ಹೊರಗೆ ಬೆಂಚಿನಲ್ಲಿ ಕೂರಿಸಿ ಕನ್ನಡದಲ್ಲಿ ಮಾತಿಗೆಳೆದೆ. ಏಳೆಂಟು ವರ್ಷದಿಂದ ಸಾಂಬಾರಿನ ಪರಿಮಳವೇ ತಿಳಿಯುತ್ತಿಲ್ಲವಂತೆ. ಇಂಗು ಹಾಕಿದ್ದಾರಾ ಅಂತ ಅಡುಗೆಯವನನ್ನೇ ಕೇಳಬೇಕು. ಅತ್ತೆ ಚೀಲದಿಂದ ಹೋಟೆಲಿನ ಲೆಕ್ಕದ ಪುಸ್ತಕ ತೆಗೆದರು. ಮೊದಲ ಪುಟಗಳಲ್ಲಿ ದುಂಡಗಿನ ಅಕ್ಷರ. ಬರಬರುತ್ತಾ ಸಣ್ಣದಾಗಿ, ಕೊನೆಗೆ ಇರುವೆ ಸಾಲು. ಆ ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿದೆ. ಪಾರ್ಕಿನ್ಸನ್ ಅಂದರೆ ನಡುಕ ಅಂತಲೇ ನಾವು ತಿಳಿದಿರುತ್ತೇವೆ. ವಾಸನೆ ಹೋಗುವುದು, ಅಕ್ಷರ ಚಿಕ್ಕದಾಗುವುದು, ಭುಜ ಹಿಡಿದುಕೊಳ್ಳುವುದು ಕೂಡ ಅದರ ಗುರುತೇ. ವಾಸನೆಯಂತೂ ಎಷ್ಟೋ ವರ್ಷ ಮೊದಲೇ ಹೋಗಿರಬಹುದು.

ಮೆದುಳಿನಲ್ಲಿ ಡೋಪಮಿನ್ ಅನ್ನುವ, ಕೈಕಾಲು ಸಲೀಸಾಗಿ ಆಡಲು ಬೇಕಾದ ರಾಸಾಯನಿಕ ಕಡಿಮೆಯಾಗುತ್ತಾ ಹೋಗುವ ಕಾಯಿಲೆ ಇದು. ಲೆವೊಡೋಪ ಮಾತ್ರೆ ಆ ಕೊರತೆ ತುಂಬುತ್ತದೆ. (ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆ. ಹಾಗಂತ ಪುಡಿ ಮಾಡಿ ನುಂಗಲು ಹೋಗಬೇಡಿ, ಎಷ್ಟು ಹೊಟ್ಟೆಗೆ ಹೋಯಿತು ಅನ್ನುವ ಲೆಕ್ಕವೇ ಸಿಗುವುದಿಲ್ಲ.) ವರ್ಷ ಕಳೆದಂತೆ ಒಂದು ಮಾತ್ರೆ ಮೂರ್ನಾಲ್ಕು ಗಂಟೆಗೇ ಇಳಿದುಹೋಗುತ್ತದೆ. ಮಾಮನ ಭಾಷೆಯಲ್ಲಿ "ಕರೆಂಟ್ ಹೋಯ್ತ್ ಕಾಣಿ." ಬೇಳೆ, ಹಾಲು, ಮೊಸರಿನ ಪ್ರೋಟೀನ್ ಮಾತ್ರೆಗೆ ಅಡ್ಡ ಬರುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಬೇಕು. ಮಾಮನಿಗೆ ಏಳು, ಹನ್ನೊಂದು, ಮೂರು, ಮತ್ತೆ ಸಂಜೆ ಏಳು.

ಹೋದ ಮಳೆಗಾಲದಲ್ಲಿ ಮಾಮ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಮನೆ ಹತ್ತಿರದ ಬೇರೊಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಎಲ್ಲರಿಗೂ ಮಾತ್ರೆ ಬರುವುದು ಟ್ರಾಲಿ ಬಂದಾಗ, ಅಂದರೆ ಒಂಬತ್ತೂವರೆಗೆ, ಇಡ್ಲಿ ಸಾಂಬಾರ್ ಆದ ಮೇಲೆ. ಎರಡೇ ದಿನಕ್ಕೆ ಮನುಷ್ಯ ಮರದ ಹಲಗೆ. ಬಾಯಿ ತೆರೆಯಲಿಲ್ಲ ಅಂತ ಸಿಸ್ಟರ್ "ಕಾಕಾ ಹಠ ಮಾಡ್ತಾರೆ" ಅಂದರಂತೆ. ಅತ್ತೆ ಅಳುತ್ತಾ ಫೋನ್ ಮಾಡಿದರು. ಚೀಟಿಯ ಫೋಟೋ ಕಳಿಸಿ ಅಂದೆ. ನೋಡಿದರೆ ವಾಂತಿಗೆ ಮೆಟೊಕ್ಲೋಪ್ರಮೈಡ್ ಬರೆದಿದ್ದಾರೆ. ಅದು ಡೋಪಮಿನ್‌ನ ಕೆಲಸವನ್ನೇ ತಡೆಯುವ ಔಷಧಿ. ಈ ಕಾಯಿಲೆಯವರಿಗೆ ಕೊಡಲೇಬಾರದು. ನಮ್ಮ ಡಾಕ್ಟರನ್ನು ಅಲ್ಲಿಯ ಡಾಕ್ಟರ ಜೊತೆ ಮಾತಾಡಿಸುವಷ್ಟರಲ್ಲಿ ನನ್ನ ಮಧ್ಯಾಹ್ನದ ಡಬ್ಬಿ ಹಳಸಿತ್ತು. ಕೋಪ ಬಂದಿತ್ತು, ಸುಳ್ಳು ಹೇಳಲ್ಲ. ಆದರೆ ಆ ಸಿಸ್ಟರ್‌ಗೆ ನಲವತ್ತು ಹಾಸಿಗೆ. ಯಾರೂ ಆಕೆಗೆ ಹೇಳಿರಲೇ ಇಲ್ಲ.

ಆವತ್ತು ರಾತ್ರಿ ಕುಳಿತು ಒಂದು ಹಾಳೆ ಬರೆದೆ. ಮರಾಠಿ, ಇಂಗ್ಲಿಷ್, ಕನ್ನಡ. ಮೇಲೆ ಮಾತ್ರೆಯ ನಾಲ್ಕು ಸಮಯ. ಕೆಳಗೆ ದಪ್ಪಗೆ, ಕೊಡಬಾರದ ಔಷಧಿಗಳು. ಕೊನೆಗೆ ಒಂದು ಸಾಲು: "ಇವರು ಹಠ ಮಾಡುತ್ತಿಲ್ಲ, ಮಾತ್ರೆ ತಡವಾಗಿದೆ." ಅತ್ತೆ ಅದನ್ನು ಮಂಚದ ತಲೆಗೆ ಅಂಟಿಸಿದರು. ಈಗ ನಮ್ಮ ಪ್ರತಿ ಪಾರ್ಕಿನ್ಸನ್ ರೋಗಿಯ ಫೈಲಿನಲ್ಲೂ ಅಂಥದ್ದೊಂದು ಹಾಳೆ ಇರುತ್ತದೆ. ಊರಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಡಾಕ್ಟರ ಹತ್ತಿರ ಕೇಳಿ ಒಂದು ಬರೆಸಿಟ್ಟುಕೊಳ್ಳಿ. ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಲೂಬೇಡಿ, ಜ್ವರ ಬಂದು ಮೈ ಸೆಟೆದು ಪ್ರಾಣಕ್ಕೇ ಕುತ್ತಾಗಬಹುದು.

ಮಾಮ ಈಗ ಕೋಲು ಹಿಡಿದು ನಡೆಯುತ್ತಾರೆ. ವಿಚಿತ್ರ ಏನಂದ್ರೆ, ಸ್ಟೇಷನ್ ಸೇತುವೆಯ ಮೆಟ್ಟಿಲು ಸಲೀಸು. ಸಪಾಟು ಪ್ಲಾಟ್‌ಫಾರ್ಮಿಗೆ ಬಂದ ಕೂಡಲೇ ಕಾಲು ಅಂಟಿಕೊಳ್ಳುತ್ತದೆ. ಮೆಟ್ಟಿಲಿನ ಗೆರೆ ಕಣ್ಣಿಗೆ ಕಂಡರೆ ಕಾಲು ಎದ್ದೇಳುತ್ತದೆ, ಅದಕ್ಕೆ ಫಿಸಿಯೋ ಮನೆಯ ನೆಲಕ್ಕೂ ಬಣ್ಣದ ಟೇಪ್ ಹಚ್ಚಿಸಿದ್ದಾರೆ. ಲೋಕಲ್ ರೈಲು ಮಾತ್ರ ಬೇಡ ಅಂದಿದ್ದೇನೆ. ಅದು ನಿಲ್ಲುವ ಅರೆ ನಿಮಿಷದಲ್ಲಿ ಗೆರೆ ಹುಡುಕುವುದು ಎಲ್ಲಿಂದ?

ಮೊನ್ನೆ ಇಬ್ಬರೂ ಮತ್ಸ್ಯಗಂಧ ಹತ್ತಿ ಊರಿಗೆ ಹೊರಟರು. ಸಂಜೆ ಏಳಕ್ಕೆ ನನ್ನ ಫೋನ್ ಬಡಿಯಿತು.

"ಮಾತ್ರೆ ಕೊಟ್ಟೆ ಮಾರಾಯ್ತಿ," ಅತ್ತೆ ಅಂದರು. "ಊಟದವ ಆಗ್ಲೇ ಬಂದಿದ್ದ. ಅರ್ಧ ಗಂಟೆ ಬಿಟ್ಟು ಬಾ ಅಂದ್ರೆ ಕೇಂತಿಲ್ಲ, ನಾನೇ ಅವ್ನಿಗೆ..."

ರೈಲು ಸುರಂಗದೊಳಗೆ ಹೋಯಿತು.